214 ಪೆಟ್ಟಿಗೆ, ಅರ್ಧ ಕಟ್ಟಿದ ಪೀಠ

ಭಾಗ 1/9

ಮೊದಲನೇ ಫೋಟೋ ಸ್ವಲ್ಪ ಹೊತ್ತು ನೋಡಿ. ಮರದ ಆಸರೆಗಳ ನಡುವೆ ಒಂದು ಮುಖ. ಕುತ್ತಿಗೆ ಇಲ್ಲ, ಕಿರೀಟ ಇಲ್ಲ, ಬರೀ ಮುಖ. ಪೆಟ್ಟಿಗೆಯಿಂದ ಆಗಷ್ಟೇ ಹೊರಗೆ ತೆಗೆದಿರೋದು.

ಇದು ಸ್ಟ್ಯಾಚ್ಯೂ ಆಫ್ ಲಿಬರ್ಟಿ. ವರ್ಷ 1885. ಜಾಗ ನ್ಯೂಯಾರ್ಕ್ ಬಂದರಿನಲ್ಲಿರೋ ಬೆಡ್ಲೋ ಅನ್ನೋ ಪುಟ್ಟ ದ್ವೀಪ. ಪ್ರತಿಮೆ ಫ್ರಾನ್ಸಿನಿಂದ ಹಡಗಲ್ಲಿ ಬಂದಾಗಿದೆ. ಆದರೆ ನಿಲ್ಲೋಕೆ ಪೀಠ ಇಲ್ಲ. ಇರೋದು ಅರ್ಧ ಪೀಠ, ಖಾಲಿ ಆದ ಖಜಾನೆ.

ಈ ಫೋಟೋ ನೋಡಿದಾಗ ನನಗೆ ನಮ್ಮೂರು ನೆನಪಾಯ್ತು. ನಾನು ಪಿಯುಸಿ ಓದುವಾಗ ನಮ್ಮೂರ ಸರ್ಕಲ್‌ಗೆ ಅಂತ ಒಂದು ಪ್ರತಿಮೆ ಲಾರಿಯಲ್ಲಿ ಬಂತು. ಯಾರ ಪ್ರತಿಮೆ ಅಂತ ಹೇಳಲ್ಲ, ಹೇಳಿದ್ರೆ ಕಾಮೆಂಟ್‌ನಲ್ಲಿ ಜಗಳ ಶುರುವಾಗುತ್ತೆ. ನಮ್ಮಪ್ಪ ಲಾರಿ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತರು, ಹಾಗಾಗಿ ಇಳಿಸೋದನ್ನ ನಾನೂ ನಿಂತು ನೋಡಿದ್ದೆ. ಮೂರು ತುಂಡು. ಎಲ್‌ಆರ್ ಕಾಪಿ ಹಿಡ್ಕೊಂಡು ಅಪ್ಪ ಎಣಿಸಿ ಸಹಿ ಹಾಕಿಸಿಕೊಂಡರು. ಆಮೇಲೆ ಗೊತ್ತಾಯ್ತು, ಪೀಠ ಕಟ್ಟೋಕೆ ದುಡ್ಡಿಲ್ಲ ಅಂತ. ಎರಡು ಮಳೆಗಾಲ ಆ ಪ್ರತಿಮೆ ಸಮುದಾಯ ಭವನದ ಹಿಂದೆ ನೀಲಿ ಟಾರ್ಪಾಲಿನ ಕೆಳಗೆ ಮಲಗಿತ್ತು.

ಪೀಠಕ್ಕೆ ಅಂತ ಮನೆ ಮನೆಗೆ ಬಂದು ಚಂದಾ ಎತ್ತಿದ್ದರು. ನಮ್ಮಜ್ಜಿ ಹೂ ಕಟ್ಟಿ ಮಾರಿದ ದುಡ್ಡಲ್ಲಿ ನೂರು ರೂಪಾಯಿ ಕೊಟ್ಟು, "ರಸೀದಿ ಕೊಡ್ರಪ್ಪಾ" ಅಂದಳು. "ಎಲ್ಲಾರ ಹೆಸರೂ ಲಿಸ್ಟಲ್ಲಿ ಹಾಕ್ತೀವಿ ಅಜ್ಜಿ" ಅಂದ್ರು. ಆ ಲಿಸ್ಟು ಇವತ್ತಿನವರೆಗೂ ಯಾವ ಗೋಡೆ ಮೇಲೂ ಬಂದಿಲ್ಲ.

ದೊಡ್ಡ ಪ್ರತಿಮೆ ಅಂದ್ರೆ ನಾವು ಶಿಲ್ಪಿ ಬಗ್ಗೆ ಮಾತಾಡ್ತೀವಿ, ಎತ್ತರದ ಬಗ್ಗೆ ಮಾತಾಡ್ತೀವಿ. ನಾನು ಬಿಕಾಂ ಹುಡುಗಿ, ನನ್ನ ಕಣ್ಣು ಹೋಗೋದು ಪಟ್ಟಿಗಳ ಮೇಲೆ. ಏನೇನು ಬಂತು ಅನ್ನೋ ಪಟ್ಟಿ. ಯಾರ್ಯಾರು ಕೊಟ್ಟರು ಅನ್ನೋ ಪಟ್ಟಿ. ಈ ಸಲದ ಸರಣಿ ಅದರ ಬಗ್ಗೆ.

ಭಾಗ 2/9

ಮೊದಲು ಒಂದು ಪ್ರಶ್ನೆ. ಅಷ್ಟು ದೊಡ್ಡ ಪ್ರತಿಮೆಯನ್ನ ಫ್ರಾನ್ಸಿನಲ್ಲಿ ಮಾಡಿ ಅಟ್ಲಾಂಟಿಕ್ ಸಾಗರ ದಾಟಿಸೋದು ಹೇಗೆ?

ನಮ್ಮ ಶ್ರವಣಬೆಳಗೊಳದ ಗೊಮ್ಮಟನನ್ನ ನೆನಪಿಸಿಕೊಳ್ಳಿ. ಸುಮಾರು 57 ಅಡಿಯ ಏಕಶಿಲೆ. ಅವನನ್ನ ಎಲ್ಲಿಂದಲೂ ಸಾಗಿಸಲಿಲ್ಲ. ಬೆಟ್ಟದ ತುದಿಯಲ್ಲಿದ್ದ ಬಂಡೆಯನ್ನೇ ಕಡೆದು ಅಲ್ಲೇ ನಿಲ್ಲಿಸಿದರು. ಗಟ್ಟಿ ಕಲ್ಲಿನ ಪ್ರತಿಮೆ ಅಂದ್ರೆ ಅದೇ ದಾರಿ ಸುಲಭ.

ಲಿಬರ್ಟಿ ಪ್ರತಿಮೆ ಕಾಲಿನಿಂದ ಪಂಜಿನ ತುದಿವರೆಗೆ 151 ಅಡಿ. ಶಿಲ್ಪಿ ಫ್ರೆಡೆರಿಕ್ ಆಗಸ್ಟ್ ಬಾರ್ತೋಲ್ಡಿ. ಅಮೆರಿಕಕ್ಕೆ ಫ್ರಾನ್ಸಿನ ಜನರ ಕಡೆಯಿಂದ ಒಂದು ಸ್ಮಾರಕ ಅನ್ನೋ ಯೋಚನೆ ಎದ್ವಾರ್ ದ ಲಾಬುಲೇ ಅನ್ನೋ ಕಾನೂನು ಪಂಡಿತರದ್ದು. 1875ರಲ್ಲಿ ಎರಡೂ ದೇಶದವರು ಸೇರಿ ಸಮಿತಿ ಕಟ್ಟಿ ಒಪ್ಪಂದಕ್ಕೆ ಬಂದರು: ಪ್ರತಿಮೆಯ ಖರ್ಚು ಫ್ರಾನ್ಸಿನ ಜನರದ್ದು, ಪೀಠದ ಖರ್ಚು ಅಮೆರಿಕದ ಜನರದ್ದು. ಈ ಒಂದು ಸಾಲು ನೆನಪಿಟ್ಟುಕೊಳ್ಳಿ, ಮುಂದೆ ಇಡೀ ಕಥೆ ಇದರ ಮೇಲೇ ನಿಲ್ಲುತ್ತೆ.

ಸಾಗಿಸಬೇಕು ಅಂದ್ರೆ ತೂಕ ಕಮ್ಮಿ ಇರಬೇಕು. ಅದಕ್ಕೆ ಬಾರ್ತೋಲ್ಡಿ ಎರಕ ಹೊಯ್ಯೋ ಕಂಚಿಗೆ ಹೋಗದೆ ತಾಮ್ರದ ತಗಡು ಹಿಡಿದರು. ತಗಡಿನ ದಪ್ಪ ಎಷ್ಟು ಗೊತ್ತಾ? 2.4 ಮಿಲಿಮೀಟರ್. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು, ಅಷ್ಟೇ!

ಮಾಡೋ ವಿಧಾನ ನಮ್ಮ ಕಂಚುಗಾರರ ಬೀದಿಯಲ್ಲಿ ತಂಬಿಗೆ ಬಡಿಯೋರಿಗೆ ಅರ್ಥವಾಗುವಂಥದ್ದೇ. ಮೊದಲು ಸಣ್ಣ ಮಾದರಿ. ಆಮೇಲೆ ಅದನ್ನ ಹಂತ ಹಂತವಾಗಿ ಅಳತೆ ಹಿಗ್ಗಿಸ್ತಾ, ಕಾಲು ಭಾಗದ ಗಾತ್ರದ ಪ್ಲಾಸ್ಟರ್ ಮಾದರಿ. ಕೊನೆಗೆ ಪೂರ್ತಿ ಗಾತ್ರದ ತುಂಡುಗಳು. ಆ ಪ್ಲಾಸ್ಟರಿನ ಮೈ ಹೇಗಿದೆಯೋ ಹಾಗೇ ಬಡಗಿಗಳು ಮರದ ಅಚ್ಚು ಕಟ್ಟೋರು. ಅಚ್ಚಿನ ಮೇಲೆ ತಾಮ್ರದ ತಗಡಿಟ್ಟು ಸುತ್ತಿಗೆಯಲ್ಲಿ ಬಡಿದು ಬಡಿದು, ಆಕಾರ ಬರೋವರೆಗೂ ಬಡಿಯೋದು. ಹೀಗೆ ಮುನ್ನೂರಕ್ಕೂ ಹೆಚ್ಚು ತಗಡು. ಎರಡನೇ ಫೋಟೋದಲ್ಲಿ ಎಡಗೈ ಮಾದರಿ ಕಾಣ್ತಿದೆ, ಪಕ್ಕದಲ್ಲಿ ನಿಂತಿರೋ ಕೆಲಸಗಾರರ ಗಾತ್ರ ನೋಡಿ.

ಅಂದ್ರೆ ಈ ಪ್ರತಿಮೆ ಹುಟ್ಟಿದ್ದೇ ತುಂಡುಗಳಾಗಿ. ಒಡೆದು ತುಂಡು ಮಾಡಿದ್ದಲ್ಲ.

ಭಾಗ 3/9

ತುಂಡುಗಳಾಗಿ ಮಾಡೋದರಲ್ಲಿ ಒಂದು ಲಾಭ ಇದೆ. ದುಡ್ಡು ಸಾಲದಿದ್ದರೆ, ಮುಗಿದ ತುಂಡನ್ನೇ ತೋರಿಸಿ ದುಡ್ಡು ಕೇಳಬಹುದು. ಬಾರ್ತೋಲ್ಡಿ ಅದನ್ನೇ ಮಾಡಿದರು.

1876ರಲ್ಲಿ ಅಮೆರಿಕ ಸ್ವತಂತ್ರವಾಗಿ ನೂರು ವರ್ಷ ಆದದ್ದಕ್ಕೆ ಫಿಲಡೆಲ್ಫಿಯಾದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೀತು. ಅಷ್ಟೊತ್ತಿಗೆ ಪೂರ್ತಿ ಪ್ರತಿಮೆ ಸಿದ್ಧವಾಗೋ ಮಾತೇ ಇರಲಿಲ್ಲ. ಸರಿ, ಪಂಜು ಹಿಡಿದ ಬಲಗೈ ಒಂದನ್ನೇ ಹಡಗು ಹತ್ತಿಸಿದರು. ಮೂರನೇ ಫೋಟೋ ಅದೇ: ನೆಲದಿಂದ ಎದ್ದ ಹಾಗೆ ಒಂದು ಕೈ, ಪಂಜಿನ ಸುತ್ತ ಕಟಾಂಜನದ ಹಿಂದೆ ನಿಂತ ಜನ.

ಆದರೆ ಕೈ ತಲುಪಿದ್ದು ತಡವಾಗಿ, ಆಗಸ್ಟ್‌ನಲ್ಲಿ. ಪ್ರದರ್ಶನದ ಕ್ಯಾಟಲಾಗ್ ಅಷ್ಟರಲ್ಲಿ ಅಚ್ಚಾಗಿ ಹೋಗಿತ್ತು. ಪಟ್ಟಿಯಲ್ಲಿ ಹೆಸರಿಲ್ಲ! ಅದರಿಂದ ಏನಾಯ್ತು ಅಂದ್ರೆ, ಕೆಲವು ವರದಿಗಳು ಸರಿಯಾದ ಹೆಸರು ಬರೆದವು, ಇನ್ನು ಕೆಲವು "ದೈತ್ಯ ಕೈ" ಅಂದವು, ಮತ್ತೆ ಕೆಲವು "ಬಾರ್ತೋಲ್ಡಿಯ ವಿದ್ಯುತ್ ದೀಪ" ಅಂತ ಬರೆದುಬಿಟ್ಟವು. ಸ್ವಾತಂತ್ರ್ಯದ ಕೈ ಕರೆಂಟ್ ಕಂಬ ಆಗಿಹೋಯ್ತು.

ನಗು ಬರುತ್ತೆ ನಿಜ. ಆದರೆ ಯೋಚನೆ ಮಾಡಿ. ಮನೆಯಷ್ಟು ಎತ್ತರದ ವಸ್ತು ಕಣ್ಣೆದುರಿಗೇ ನಿಂತಿದೆ. ಕ್ಯಾಟಲಾಗಿನಲ್ಲಿ ಒಂದು ಸಾಲು ಇಲ್ಲದ್ದಕ್ಕೆ ಅದು ಏನು ಅಂತಾನೇ ಜನಕ್ಕೆ ಗೊತ್ತಾಗ್ಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಆ ಕೈಯನ್ನ ನ್ಯೂಯಾರ್ಕಿಗೆ ತಂದು ಮ್ಯಾಡಿಸನ್ ಸ್ಕ್ವೇರ್ ಪಾರ್ಕಿನಲ್ಲಿ ನಿಲ್ಲಿಸಿದರು. ವರ್ಷಗಳೇ ಅಲ್ಲಿತ್ತು. ಇತ್ತ 1878ರಲ್ಲಿ ಪ್ಯಾರಿಸ್ಸಿನ ವಿಶ್ವ ಪ್ರದರ್ಶನದಲ್ಲಿ ತಲೆ ಇಟ್ಟರು. ಅಂದ್ರೆ ಕೆಲವು ಕಾಲ ಈ ಹೆಣ್ಣಿನ ಕೈ ಒಂದು ಖಂಡದಲ್ಲಿ, ತಲೆ ಇನ್ನೊಂದು ಖಂಡದಲ್ಲಿ, ಮೈ ಎಲ್ಲೂ ಇಲ್ಲ. ಮೈ ಇನ್ನೂ ಹುಟ್ಟೇ ಇರಲಿಲ್ಲ.

ಫ್ರಾನ್ಸಿನವರು ಲಾಟರಿ ನಡೆಸಿದರು, ಪುಟ್ಟ ಮಾದರಿಗಳನ್ನ ಮಾರಿದರು, ಊರೂರಿಂದ ಚಂದಾ ಎತ್ತಿದರು. ಕೊನೆಗೂ ತಮ್ಮ ಪಾಲಿನ ದುಡ್ಡು ಸೇರಿಸಿಕೊಂಡರು. ಅಮೆರಿಕದ ಪಾಲು? ಅದು ಭಾಗ 6ರಲ್ಲಿ.

ಭಾಗ 4/9

ಇವತ್ತು ಸ್ವಲ್ಪ ಎಂಜಿನಿಯರಿಂಗ್. ಭಯ ಬೇಡ, ನಾನು ಕಾಮರ್ಸ್, ನನಗೆ ಅರ್ಥವಾದಷ್ಟೇ ಹೇಳ್ತೀನಿ.

ಎರಡು ನಾಣ್ಯದಷ್ಟು ದಪ್ಪದ ತಗಡು ತನ್ನಷ್ಟಕ್ಕೆ ತಾನೇ 151 ಅಡಿ ನಿಲ್ಲಲ್ಲ. ಒಳಗೆ ಎಲುಬು ಬೇಕು. ಆ ಕೆಲಸ ಮೊದಲು ವಹಿಸಿಕೊಂಡಿದ್ದು ವಿಯೊಲೆ-ಲ-ದ್ಯುಕ್ ಅನ್ನೋ ವಾಸ್ತುಶಿಲ್ಪಿ. ಆದರೆ ಅವರು 1879ರಲ್ಲಿ ತೀರಿಕೊಂಡರು. ಆಗ ಬಂದೋರು ಗುಸ್ತಾವ್ ಐಫೆಲ್. ಪ್ಯಾರಿಸ್ಸಿನ ಆ ಪ್ರಸಿದ್ಧ ಗೋಪುರ ಇನ್ನೂ ಕಟ್ಟಿರಲಿಲ್ಲ, ಅದು 1889ರದ್ದು. ಆಗ ಅವರ ಹೆಸರು ಇದ್ದದ್ದು ರೈಲ್ವೆ ಸೇತುವೆಗಳಿಗೆ.

ಐಫೆಲ್ ಮತ್ತು ಅವರ ಎಂಜಿನಿಯರ್ ಮೋರಿಸ್ ಕೆಕ್ಲಾಂ ಸೇರಿ, ಒಳಗೆ ಇಟ್ಟಿಗೆ ಗಾರೆಯ ಕಂಬ ಬೇಡ ಅಂತ ತೀರ್ಮಾನಿಸಿದರು. ನಡುವೆ ಕಬ್ಬಿಣದ ಒಂದು ಗೋಪುರ. ಅದರಿಂದ ಹೊರಕ್ಕೆ ಹಗುರವಾದ ಚೌಕಟ್ಟು. ಚೌಕಟ್ಟಿನಿಂದ ಸ್ಪ್ರಿಂಗ್ ಥರ ಬಾಗೋ ಚಪ್ಪಟೆ ಪಟ್ಟಿಗಳು. ಆ ಪಟ್ಟಿಗಳ ತುದಿಗೆ ತಗಡಿನ ಮೈ.

ಇಲ್ಲಿ ಒಂದು ಜಾಣತನ ಇದೆ. ತಗಡನ್ನ ಕಬ್ಬಿಣಕ್ಕೆ ನೇರವಾಗಿ ಬಿಗಿದು ಕೂರಿಸಲಿಲ್ಲ. ತಗಡಿನ ಒಳಮೈಗೆ ತಾಮ್ರದ ಕೊಂಡಿಗಳನ್ನ ರಿವೆಟ್ ಮಾಡಿ, ಕಬ್ಬಿಣದ ಪಟ್ಟಿ ಅದರೊಳಗೆ ಹಾದುಹೋಗೋ ಹಾಗೆ ಮಾಡಿದರು. ಬೆಲ್ಟು ಪ್ಯಾಂಟಿನ ಲೂಪಿನೊಳಗೆ ಹೋಗುತ್ತಲ್ಲ, ಹಾಗೆ. ಬಿಸಿಲಿಗೆ ತಾಮ್ರ ಹಿಗ್ಗಿದರೂ, ಚಳಿಗೆ ಕುಗ್ಗಿದರೂ, ಬಂದರಿನ ಗಾಳಿಗೆ ಪ್ರತಿಮೆ ಅಲುಗಾಡಿದರೂ ಮೈ ಬಿರಿಯಲ್ಲ, ಸ್ವಲ್ಪ ಸರಿದು ಮತ್ತೆ ಜಾಗಕ್ಕೆ ಬರುತ್ತೆ.

ಇದರಿಂದ ಇನ್ನೊಂದು ಉಪಯೋಗ ಆಯ್ತು. ಮೇಲಿನ ತಗಡಿನ ಭಾರ ಕೆಳಗಿನ ತಗಡಿನ ಮೇಲೆ ಬೀಳಲ್ಲ. ಪ್ರತಿಯೊಂದೂ ತನ್ನ ಪಾಡಿಗೆ ಎಲುಬಿಗೆ ನೇತಾಡ್ತಿರುತ್ತೆ. ಹಾಗಾಗಿ ಬಿಚ್ಚೋದೂ ಸಾಧ್ಯ, ಮತ್ತೆ ಕಟ್ಟೋದೂ ಸಾಧ್ಯ. ತಾಮ್ರ 62 ಸಾವಿರ ಪೌಂಡ್, ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 28 ಟನ್. ಒಳಗಿನ ಲೋಹದ ಚೌಕಟ್ಟು ಎರಡೂವರೆ ಲಕ್ಷ ಪೌಂಡ್, ಸುಮಾರು 113 ಟನ್. ಕಣ್ಣಿಗೆ ಕಾಣೋದು ತಾಮ್ರ. ಭಾರ ಹೊರೋದು ಕಾಣದೇ ಇರೋ ಕಬ್ಬಿಣ.

ತಾಮ್ರ ಮತ್ತು ಕಬ್ಬಿಣ ಒಂದನ್ನೊಂದು ಮುಟ್ಟಿದರೆ, ಉಪ್ಪುಗಾಳಿಯಲ್ಲಿ ಕಬ್ಬಿಣ ಬೇಗ ತಿಂದುಹೋಗುತ್ತೆ. ಇದು ಐಫೆಲ್‌ಗೆ ಗೊತ್ತಿತ್ತು. ನಡುವೆ ಅರಗಿನ ವಾರ್ನಿಷ್‌ನಲ್ಲಿ ಅದ್ದಿದ ಕಲ್ನಾರು ಇಡಿಸಿದರು. ಇದನ್ನೂ ನೆನಪಿಟ್ಟುಕೊಳ್ಳಿ. ಸುಮಾರು ನೂರು ವರ್ಷ ಆದಮೇಲೆ ಇದರ ಬಿಲ್ ಬಂತು.

ಭಾಗ 5/9

ನಾಲ್ಕನೇ ಫೋಟೋ ನನಗೆ ತುಂಬಾ ಇಷ್ಟ. ಪ್ಯಾರಿಸ್ಸಿನ ಮನೆಗಳ ಮೇಲೆ ತಲೆ ಎತ್ತಿ ನಿಂತ ಲಿಬರ್ಟಿ. ಕೆಳಗೆ ಹೆಂಚಿನ ಮಾಡು, ಹೊಗೆ ಕೊಳವೆ. ನಿಲ್ಲಬೇಕಾದ ಊರು ಸಾಗರದಾಚೆ.

ಹೌದು, ಅವಳನ್ನ ಮೊದಲು ಪ್ಯಾರಿಸ್ಸಿನಲ್ಲೇ ಪೂರ್ತಿ ಕಟ್ಟಿ ನಿಲ್ಲಿಸಿ ನೋಡಿದರು. ಗಾಜೆ-ಗೋತ್ಯೆ ಕಂಪನಿಯ ಕಾರ್ಖಾನೆ ಪಕ್ಕದಲ್ಲೇ. 1881ರ ಅಕ್ಟೋಬರ್‌ನಲ್ಲಿ ಅಮೆರಿಕದ ರಾಯಭಾರಿ ಲೆವಿ ಮಾರ್ಟನ್ ಕೈಯಲ್ಲಿ ಮೊದಲ ರಿವೆಟ್ ಹೊಡೆಸಿದರು, ಕಾಲಿನ ಹೆಬ್ಬೆರಳಿಗೆ. 1884ರ ಜುಲೈ 4ರಂದು ಅದೇ ರಾಯಭಾರಿಗೆ ವಿಧಿವತ್ತಾಗಿ ಒಪ್ಪಿಸಿದರು. ವಿಕ್ಟರ್ ಹ್ಯೂಗೋ ಕೂಡ ತಮ್ಮ ಇಳಿವಯಸ್ಸಿನಲ್ಲಿ ಬಂದು ನೋಡಿ ಹೋದರು.

ಕೊಟ್ಟಾಯ್ತು, ಇಸ್ಕೊಂಡಾಯ್ತು. ಆದರೆ ಪ್ರತಿಮೆ ಮಾತ್ರ ಅಲ್ಲೇ ನಿಂತಿತ್ತು. ಯಾಕೆ ಅಂದ್ರೆ ಅತ್ತ ಪೀಠ ಆಗಿರಲಿಲ್ಲ. ಮದುವೆ ನಿಶ್ಚಯವಾಗಿದೆ, ಹೆಣ್ಣನ್ನ ಕರೆದುಕೊಂಡು ಹೋಗೋಕೆ ಗಂಡಿನ ಮನೆ ಮಾಡು ಇನ್ನೂ ಹಾಕಿಲ್ಲ, ಹಾಗೆ.

1885ರ ಜನವರಿಯಲ್ಲಿ ಬಿಚ್ಚೋಕೆ ಶುರು ಮಾಡಿದರು. ಕಟ್ಟೋದಕ್ಕಿಂತ ಬಿಚ್ಚೋದು ಸುಲಭ ಅಂತ ನಮಗನ್ನಿಸುತ್ತೆ. ಆದರೆ ಮತ್ತೆ ಕಟ್ಟೋದಕ್ಕೆ ಅಂತ ಬಿಚ್ಚೋದು ಬೇರೆಯದೇ ವಿದ್ಯೆ. ಯಾವ ತುಂಡು ಎಲ್ಲಿಯದು, ಪಕ್ಕದ್ದು ಯಾವುದು, ಯಾವ ಪೆಟ್ಟಿಗೆಗೆ ಯಾವುದು ಹೋಯ್ತು. ಬಟ್ಟೆಯ ಮಡಿಕೆಗಳ ತಗಡು ಎಲ್ಲಾ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ. ಒಂದು ಗುರುತು ತಪ್ಪಿದರೆ ಆ ದ್ವೀಪದಲ್ಲಿ ನಿಂತು ಕೇಳೋದು ಯಾರನ್ನ?

ಲೆಕ್ಕ ಹೀಗಿದೆ: ತುಂಡುಗಳು 350. ಪೆಟ್ಟಿಗೆಗಳು 214. ಪ್ಯಾರಿಸ್ಸಿನಿಂದ ರೂಆಂ ಬಂದರಿನವರೆಗೆ 70 ರೈಲು ಬೋಗಿ. ಅಲ್ಲಿಂದ ಇಸೇರ್ ಅನ್ನೋ ಫ್ರೆಂಚ್ ನೌಕಾಪಡೆಯ ಸಾಮಾನು ಹಡಗು. ಮೇ 21ಕ್ಕೆ ರೂಆಂ ಬಿಟ್ಟಿತು. ದಾರಿಯಲ್ಲಿ ಬಿರುಗಾಳಿ ಸಿಕ್ಕಿತು. ಜೂನ್ 17ಕ್ಕೆ ನ್ಯೂಯಾರ್ಕ್ ಮುಟ್ಟಿತು.

ಅಪ್ಪನಿಗೆ ಈ ಸಂಖ್ಯೆಗಳನ್ನ ಹೇಳಿದೆ. ಅಪ್ಪ ವಿಕ್ಟರ್ ಹ್ಯೂಗೋ ಬಗ್ಗೆ ಏನೂ ಕೇಳಲಿಲ್ಲ. "214ಕ್ಕೆ 214 ಇಳೀತಾ?" ಅಂತ ಒಂದೇ ಪ್ರಶ್ನೆ ಕೇಳಿದರು.

ಭಾಗ 6/9

ಇಸೇರ್ ಬಂದ ದಿನ ಬಂದರಿನ ದಡದಲ್ಲಿ ಸುಮಾರು ಎರಡು ಲಕ್ಷ ಜನ ಸೇರಿದ್ದರಂತೆ. ನೂರಾರು ದೋಣಿಗಳು ಎದುರುಗೊಳ್ಳೋಕೆ ಹೋದವು. ಭಾರಿ ಸಂಭ್ರಮ.

ಸಂಭ್ರಮ ಮುಗಿದ ಮೇಲೆ ಪೆಟ್ಟಿಗೆಗಳು ದ್ವೀಪದಲ್ಲಿ ಇಳಿದವು. ಇಳಿದು ಸುಮ್ಮನೆ ಕೂತವು. ಹತ್ತು ತಿಂಗಳು.

ಪೀಠದ ಕಥೆ ಏನಾಗಿತ್ತು ಅಂದ್ರೆ, ಜಾಗ ಬೆಡ್ಲೋ ದ್ವೀಪದ ಹಳೇ ಕೋಟೆ, ಫೋರ್ಟ್ ವುಡ್. ಹನ್ನೊಂದು ಮೂಲೆಯ ನಕ್ಷತ್ರದ ಆಕಾರದ ಗೋಡೆ. ಅದರ ನಡುವೆ ಕಾಂಕ್ರೀಟಿನ ಅಡಿಪಾಯ, ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಕಾಂಕ್ರೀಟ್ ಕೆಲಸಗಳಲ್ಲಿ ಒಂದು. ಪೀಠದ ವಿನ್ಯಾಸ ರಿಚರ್ಡ್ ಮಾರಿಸ್ ಹಂಟ್ ಅವರದ್ದು. ಮೊದಲು 114 ಅಡಿ ಅಂತ ಯೋಚನೆ ಇತ್ತು. ದುಡ್ಡು ಸಾಲದು ಅಂತ 89 ಅಡಿಗೆ ಇಳಿಸಿದರು.

ಇಳಿಸಿದರೂ ಸಾಲಲಿಲ್ಲ. 1884ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸನಸಭೆ 50 ಸಾವಿರ ಡಾಲರ್ ಕೊಡೋ ಮಸೂದೆ ತಂದಿತು. ಗವರ್ನರ್ ಗ್ರೋವರ್ ಕ್ಲೀವ್‌ಲ್ಯಾಂಡ್ ತಡೆದರು. ಈ ಹೆಸರು ಮತ್ತೆ ಬರುತ್ತೆ. ಮರುವರ್ಷ ಅಮೆರಿಕದ ಸಂಸತ್ತಿನಲ್ಲಿ ಒಂದು ಲಕ್ಷ ಡಾಲರ್ ಕೇಳಿದರು, ಅದೂ ಆಗಲಿಲ್ಲ. ಸಮಿತಿಯ ಬ್ಯಾಂಕ್ ಖಾತೆಯಲ್ಲಿ ಉಳಿದದ್ದು ಬರೀ ಮೂರು ಸಾವಿರ ಡಾಲರ್. ಕೆಲಸ ನಿಂತುಹೋಯ್ತು.

ಬಾಸ್ಟನ್, ಫಿಲಡೆಲ್ಫಿಯಾ ಊರಿನವರು ಮುಂದೆ ಬಂದರು. "ಪೂರ್ತಿ ಖರ್ಚು ನಾವು ಕೊಡ್ತೀವಿ, ಪ್ರತಿಮೆ ನಮ್ಮೂರಿಗೆ ಕೊಡಿ" ಅನ್ನೋ ಅರ್ಥದಲ್ಲಿ.

ನ್ಯೂಯಾರ್ಕಿನಲ್ಲಿ ಶ್ರೀಮಂತರಿಗೆ ಕೊರತೆ ಇತ್ತಾ? ಖಂಡಿತ ಇರಲಿಲ್ಲ. ಆದರೆ ಒಬ್ಬೊಬ್ಬರದ್ದು ಒಂದೊಂದು ತಕರಾರು. ಉಡುಗೊರೆ ಅಂದಮೇಲೆ ಪೀಠವನ್ನೂ ಅವರೇ ಕೊಡಬಾರದಿತ್ತಾ ಅಂದೋರಿದ್ದರು. ಇದು ನ್ಯೂಯಾರ್ಕಿನ ವಿಷಯ, ನಮಗೇನು ಅಂದ ಬೇರೆ ಊರಿನವರಿದ್ದರು.

ನಮ್ಮೂರಲ್ಲೂ ಇದೇ ಮಾತು ಕೇಳಿದ್ದೆ. ಪ್ರತಿಮೆ ಕೊಡಿಸಿದವರಿಗೆ ಹಾರ ಹಾಕೋಕೆ ಎಲ್ಲರೂ ಬಂದಿದ್ದರು. ಸಿಮೆಂಟ್ ಮೂಟೆಗೆ ಯಾರು ಕೊಡ್ತಾರೆ ಅಂದಾಗ ಎಲ್ಲರ ಫೋನೂ ಸ್ವಿಚ್ ಆಫ್. ಪ್ರತಿಮೆಗೆ ಕೊಟ್ಟರೆ ಹೆಸರು ಬರುತ್ತೆ. ಪೀಠಕ್ಕೆ ಕೊಟ್ಟರೆ ಏನು ಬರುತ್ತೆ?

ಈ ಪ್ರಶ್ನೆಗೆ ಉತ್ತರ ಕಂಡುಹಿಡಿದದ್ದು ಒಬ್ಬ ಪತ್ರಿಕೆ ಮಾಲೀಕ.

ಭಾಗ 7/9

ಜೋಸೆಫ್ ಪುಲಿಟ್ಜರ್. ಪುಲಿಟ್ಜರ್ ಪ್ರಶಸ್ತಿ ಅಂತ ಕೇಳ್ತೀವಲ್ಲ, ಅವರೇ. ಹಂಗೇರಿಯಿಂದ ಅಮೆರಿಕಕ್ಕೆ ವಲಸೆ ಬಂದವರು. 1883ರಲ್ಲಿ 'ದಿ ವರ್ಲ್ಡ್' ಅನ್ನೋ ನ್ಯೂಯಾರ್ಕ್ ಪತ್ರಿಕೆ ಕೊಂಡುಕೊಂಡಿದ್ದರು.

1885ರ ಮಾರ್ಚ್‌ನಲ್ಲಿ, ಅಂದ್ರೆ ಹಡಗು ಇನ್ನೂ ಹೊರಡೋಕೆ ಮುಂಚೆ, ಅವರು ಪತ್ರಿಕೆಯಲ್ಲಿ ಕರೆ ಕೊಟ್ಟರು. ಬೇಕಾದದ್ದು ಒಂದು ಲಕ್ಷ ಡಾಲರ್. ಶ್ರೀಮಂತರಿಗೆ ಕಾಯೋದು ಬೇಡ, ನಾವೇ ಕೊಡೋಣ ಅನ್ನೋದು ವಾದ. ಜೊತೆಗೆ ಒಂದು ಮಾತು ಕೊಟ್ಟರು: ಎಷ್ಟೇ ಚಿಕ್ಕ ಮೊತ್ತ ಆಗಿರಲಿ, ಕೊಟ್ಟ ಪ್ರತಿಯೊಬ್ಬರ ಹೆಸರೂ ಪತ್ರಿಕೆಯಲ್ಲಿ ಅಚ್ಚಾಗುತ್ತೆ.

ಅಷ್ಟೇ. ಅದೇ ಇಡೀ ಯೋಜನೆ.

ದುಡ್ಡು ಬರೋಕೆ ಶುರುವಾಯ್ತು. ತಾನು ಆಸೆಗಳನ್ನ ತಡೆದು ಉಳಿಸಿದ್ದು ಅಂತ 60 ಸೆಂಟ್ ಕಳಿಸಿದ ಒಬ್ಬ ಅನಾಥ ಹುಡುಗಿ. ಆಫೀಸಿನಲ್ಲಿ ಸಣ್ಣ ಕೆಲಸ ಮಾಡೋ ಒಬ್ಬ ಹುಡುಗನ 5 ಸೆಂಟ್. ಸರ್ಕಸ್ ನೋಡೋಕೆ ಅಂತ ಕೂಡಿಟ್ಟ ಒಂದು ಡಾಲರನ್ನ ಪೀಠಕ್ಕೆ ಕೊಟ್ಟ ಮಕ್ಕಳು. ಒಂಟಿಯಾಗಿದ್ದ ಒಬ್ಬ ಮುದುಕಿಯ ಒಂದು ಡಾಲರ್. ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನ ಶಿಶುವಿಹಾರದ ಮಕ್ಕಳು ಸೇರಿ ಕಳಿಸಿದ 1 ಡಾಲರ್ 35 ಸೆಂಟ್. ಕುಡಿತ ಬಿಡಿಸೋ ಒಂದು ಆಶ್ರಮದಲ್ಲಿದ್ದವರು ಸೇರಿ ಕೊಟ್ಟ 15 ಡಾಲರ್.

ಎಲ್ಲವೂ ಅಚ್ಚಾದವು. ಸಾಲು ಸಾಲಾಗಿ, ಐದು ಸೆಂಟ್ ಕೂಡ.

1885ರ ಆಗಸ್ಟ್ 11ಕ್ಕೆ ಪತ್ರಿಕೆ ಪ್ರಕಟಿಸಿತು: ಒಟ್ಟು 1,02,000 ಡಾಲರ್, ಕೊಟ್ಟವರು 1,20,000ಕ್ಕೂ ಹೆಚ್ಚು. ನಾನು ಕ್ಯಾಲ್ಕುಲೇಟರ್ ಹಿಡಿದು ಸರಾಸರಿ ತೆಗೆದೆ. ತಲೆಗೆ 85 ಸೆಂಟ್ ಕೂಡ ದಾಟಲ್ಲ. ಬಂದ ದುಡ್ಡಿನಲ್ಲಿ ನೂರಕ್ಕೆ ಎಂಬತ್ತು ಪಾಲು ಒಂದು ಡಾಲರಿಗಿಂತ ಕಮ್ಮಿ ಮೊತ್ತಗಳಲ್ಲೇ ಬಂದದ್ದು.

ಪುಲಿಟ್ಜರ್ ಬರೀ ತ್ಯಾಗಮೂರ್ತಿ ಏನಲ್ಲ, ಅದನ್ನೂ ಹೇಳಬೇಕು. ತಮ್ಮ ಹೆಸರು ಅಚ್ಚಾಗಿದೆಯಾ ಅಂತ ನೋಡೋಕೆ ಜನ ಪತ್ರಿಕೆ ಕೊಂಡರು, ಪ್ರಸಾರ ಏರಿತು. ಅವರಿಗೂ ಲಾಭ ಆಯ್ತು. ಆಗಲಿ ಬಿಡಿ. ಲಾಭ ಮಾಡ್ಕೊಂಡ್ರು, ಆದರೆ ಲೆಕ್ಕ ಕೊಟ್ಟರು. ಲೆಕ್ಕ ಕೊಡದೆ ತ್ಯಾಗದ ಭಾಷಣ ಮಾಡೋರಿಗಿಂತ ನನಗೆ ಈ ಮನುಷ್ಯ ವಾಸಿ ಅನ್ನಿಸುತ್ತೆ.

ಅಕೌಂಟ್ಸ್ ಕ್ಲಾಸಲ್ಲಿ ಮೊದಲ ದಿನ ಹೇಳಿಕೊಡೋದು ಒಂದೇ, ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಬೇಕು. ಐದು ಸೆಂಟ್ ಬಂದರೆ, ಆ ಐದು ಸೆಂಟಿನ ಎದುರಿಗೆ ಒಂದು ಹೆಸರು ಇರಬೇಕು. ಅಜ್ಜಿ ಅವತ್ತು ಕೇಳಿದ್ದೂ ಅದನ್ನೇ.

ಭಾಗ 8/9

1886ರ ಏಪ್ರಿಲ್‌ನಲ್ಲಿ ಪೀಠ ಮುಗೀತು. ಪೆಟ್ಟಿಗೆಗಳು ಬಾಯಿ ತೆರೆದವು.

ಮೊದಲು ಎಲುಬು. ಐಫೆಲ್ ಕಬ್ಬಿಣದ ಗೋಪುರವನ್ನ ಪೀಠದ ಕಾಂಕ್ರೀಟಿನೊಳಗೆ ಹುದುಗಿಸಿದ್ದ ಉಕ್ಕಿನ ತೊಲೆಗಳಿಗೆ ಬಿಗಿದರು. ಅಂದ್ರೆ ಪ್ರತಿಮೆ ಪೀಠದ ಮೇಲೆ ಸುಮ್ಮನೆ ಇಟ್ಟದ್ದಲ್ಲ, ಪೀಠದೊಳಕ್ಕೆ ಬೇರು ಬಿಟ್ಟಿದೆ. ಆಮೇಲೆ ಮೈ ತಗಡುಗಳು ಒಂದೊಂದಾಗಿ ಮೇಲೇರಿದವು.

ಇಲ್ಲಿ ಒಂದು ಕಷ್ಟ ಎದುರಾಯ್ತು. ಪೀಠ ಎಷ್ಟು ಅಗಲ ಇತ್ತು ಅಂದ್ರೆ, ಪ್ರತಿಮೆಯ ಸುತ್ತ ಸಾರುವೆ ಕಟ್ಟೋಕೇ ಆಗ್ಲಿಲ್ಲ. ಕೆಲಸಗಾರರು ಹಗ್ಗದಲ್ಲಿ ನೇತಾಡಿಕೊಂಡೇ ತಗಡು ಜೋಡಿಸಿ ರಿವೆಟ್ ಹೊಡೆದರು. ಕೆಳಗೆ ಸಮುದ್ರ, ಸುತ್ತ ಗಾಳಿ. ಆದರೂ ಈ ಕೆಲಸದಲ್ಲಿ ಒಬ್ಬರೂ ಸಾಯಲಿಲ್ಲ. ನಾವು ಬಾರ್ತೋಲ್ಡಿ ಅಂತೀವಿ, ಐಫೆಲ್ ಅಂತೀವಿ. ಹಗ್ಗದಲ್ಲಿ ನೇತಾಡಿದವರ ಹೆಸರು ಪರೀಕ್ಷೆಯಲ್ಲಿ ಯಾರೂ ಕೇಳಲ್ಲ.

ಕೊನೇ ಗಳಿಗೆಯಲ್ಲೂ ಒಂದು ಬದಲಾವಣೆ. ಪಂಜಿನ ಸುತ್ತ ದೊಡ್ಡ ದೀಪಗಳನ್ನ ಹಾಕಬೇಕು ಅಂತ ಬಾರ್ತೋಲ್ಡಿ ಆಸೆ. ಹಡಗು ನಡೆಸೋರ ಕಣ್ಣು ಕುಕ್ಕುತ್ತೆ ಅಂತ ಸೇನೆಯ ಎಂಜಿನಿಯರುಗಳು ಒಪ್ಪಲಿಲ್ಲ. ಉದ್ಘಾಟನೆಗೆ ಉಳಿದಿದ್ದು ಒಂದೇ ವಾರ. ಪಂಜಿಗೇ ಕಿಟಕಿ ಕೊರೆದು ದೀಪಗಳನ್ನ ಒಳಗಿಟ್ಟರು. ಹತ್ತು ವರ್ಷ ಹಿಂದೆ ಜನ ತಪ್ಪಾಗಿ ಕರೆದ ವಿದ್ಯುತ್ ದೀಪ ಈಗ ನಿಜವಾಗಿಯೂ ವಿದ್ಯುತ್ ದೀಪವೇ ಆಯ್ತು.

1886ರ ಅಕ್ಟೋಬರ್ 28. ಉದ್ಘಾಟನೆ. ಮುಖ್ಯ ಅತಿಥಿ ಅಮೆರಿಕದ ಅಧ್ಯಕ್ಷರು. ಯಾರು ಗೊತ್ತಾ? ಗ್ರೋವರ್ ಕ್ಲೀವ್‌ಲ್ಯಾಂಡ್. ಎರಡು ವರ್ಷ ಹಿಂದೆ ಪೀಠದ 50 ಸಾವಿರ ಡಾಲರ್ ತಡೆದಿದ್ದ ಅದೇ ಗವರ್ನರ್!

ಆ ದಿನ ದ್ವೀಪಕ್ಕೆ ಜನಸಾಮಾನ್ಯರಿಗೆ ಪ್ರವೇಶ ಇರಲಿಲ್ಲ, ಗಣ್ಯರಿಗೆ ಮಾತ್ರ. ಪಟ್ಟಿಯಲ್ಲಿದ್ದ ಹೆಂಗಸರು ಇಬ್ಬರೇ: ಬಾರ್ತೋಲ್ಡಿಯ ಹೆಂಡತಿ ಮತ್ತು ಫ್ರೆಂಚ್ ಸಮಿತಿಯ ದ ಲೆಸೆಪ್ಸ್ ಅವರ ಮೊಮ್ಮಗಳು. ನೂಕುನುಗ್ಗಲಲ್ಲಿ ಹೆಂಗಸರಿಗೆ ಪೆಟ್ಟಾಗಬಹುದು ಅನ್ನೋದು ಅಧಿಕಾರಿಗಳು ಕೊಟ್ಟ ಕಾರಣ. ಹೆಣ್ಣಿಗೆ ಮತದಾನದ ಹಕ್ಕು ಕೇಳ್ತಿದ್ದ ಮಹಿಳೆಯರು ಒಂದು ದೋಣಿ ಬಾಡಿಗೆಗೆ ತಗೊಂಡು ದ್ವೀಪದ ಹತ್ತಿರ ಬಂದು ಪ್ರತಿಭಟಿಸಿದರು. ಸ್ವಾತಂತ್ರ್ಯ ಅನ್ನೋ ಹೆಣ್ಣಿನ ಪ್ರತಿಮೆ, ಹೆಣ್ಣುಮಕ್ಕಳು ನೀರಿನ ಮೇಲೆ.

60 ಸೆಂಟ್ ಕೊಟ್ಟ ಆ ಹುಡುಗಿಗೂ ಅವತ್ತು ದ್ವೀಪದಲ್ಲಿ ಜಾಗ ಇರ್ತಿರಲಿಲ್ಲ. ಆದರೆ ಅವಳ 60 ಸೆಂಟ್ ಪತ್ರಿಕೆಯಲ್ಲಿ ಇತ್ತು, ಅದನ್ನ ಯಾರೂ ಅಳಿಸೋಕಾಗಲ್ಲ.

ಭಾಗ 9/9, ಕೊನೇ ಭಾಗ

ಜೋಡಿಸಿದ್ದೆಲ್ಲ ಸರಿಯಾಗಿತ್ತಾ? ಇಲ್ಲ.

ನೂರನೇ ವರ್ಷಕ್ಕೆ ಅಂತ 1984ರಲ್ಲಿ ದುರಸ್ತಿ ಶುರುವಾದಾಗ ಗೊತ್ತಾಯ್ತು: ತಲೆ ಇರಬೇಕಾದ ಜಾಗದಿಂದ ಎರಡು ಅಡಿ ಪಕ್ಕಕ್ಕೆ ಸರಿದು ಕೂತಿದೆ. ಪಂಜಿನ ಕೈ ಎಲುಬಿಗೆ ಸರಿಯಾಗಿ ಸೇರಿಲ್ಲ, ಜೋರು ಗಾಳಿಗೆ ಜಾಸ್ತಿ ಓಲಾಡ್ತಿದೆ. ಪ್ರತಿಮೆ ಅಲುಗಿದಾಗಲೆಲ್ಲ ಕಿರೀಟದ ಒಂದು ಮುಳ್ಳು ಕೈಗೆ ಉಜ್ಜಿ ಉಜ್ಜಿ ತೂತು ಮಾಡ್ತಿದೆ. ಭಾಗ 4ರಲ್ಲಿ ಹೇಳಿದ ಕಲ್ನಾರು ಕೆಲಸ ಮಾಡೋದು ಬಿಟ್ಟಿತ್ತು, ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದು ಉಬ್ಬಿದ್ದವು. ಅವನ್ನೆಲ್ಲ ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಹಾಕಿದರು. ಪಂಜನ್ನೇ ಬದಲಾಯಿಸಿದರು. ಹಳೇ ಪಂಜು ಈಗ ಅದೇ ದ್ವೀಪದ ಮ್ಯೂಸಿಯಂನಲ್ಲಿದೆ.

ಅಂದ್ರೆ ಒಂದು ಶತಮಾನ ಕಾಲ ಆ ತಪ್ಪು ಒಳಗೇ ಇತ್ತು. ಹೊರಗಿನಿಂದ ಯಾರಿಗೂ ಕಾಣ್ತಿರಲಿಲ್ಲ. ಒಳಗೆ ಹೋಗಿ ಅಳೆದಾಗಲೇ ಸಿಕ್ಕಿದ್ದು.

ಈಗ ನಮ್ಮೂರಿಗೆ ವಾಪಸ್ ಬರ್ತೀನಿ. ಈ ವರ್ಷ ಹೊಸ ಸಮಿತಿ ಆಗಿದೆ. ಪೀಠ ಕಟ್ಟಿಯೇ ಬಿಡೋಣ ಅಂತ ಮತ್ತೆ ಚಂದಾ ಎತ್ತುತ್ತಿದ್ದಾರೆ. "ಬಿಕಾಂ ಓದ್ತಿದೀಯಲ್ಲಮ್ಮ, ಲೆಕ್ಕ ನೀನೇ ಬರಿ" ಅಂತ ಪುಸ್ತಕ ನನ್ನ ಕೈಗೆ ಕೊಟ್ಟಿದ್ದಾರೆ. ನಾನು ಮೊದಲನೇ ದಿನದಿಂದ ಎಲ್ಲರ ಹೆಸರೂ ಬರೀತಾ ಬಂದಿದೀನಿ. ಬೀಡಾ ಅಂಗಡಿಯವರ ಐವತ್ತು, ಆಟೋ ಸ್ಟ್ಯಾಂಡಿನವರ ಇಪ್ಪತ್ತಿಪ್ಪತ್ತು, ಒಬ್ಬ ಆರನೇ ಕ್ಲಾಸ್ ಹುಡುಗನ ಐದು ರೂಪಾಯಿ.

ಮೊನ್ನೆ ಸಮಿತಿಯ ಹಿರಿಯರೊಬ್ಬರು ಅಂದರು, "ಬೋರ್ಡ್‌ನಲ್ಲಿ ಜಾಗ ಸಾಲಲ್ಲ, ಸಾವಿರಕ್ಕಿಂತ ಮೇಲೆ ಕೊಟ್ಟೋರ ಹೆಸರು ಮಾತ್ರ ಹಾಕೋಣ. ಮಿಕ್ಕಿದ್ದು 'ಊರ ಭಕ್ತಾದಿಗಳು' ಅಂತ ಒಂದು ಸಾಲು." ಅವರು ಕೆಟ್ಟವರಲ್ಲ. ಕಲ್ಲಿನ ಮೇಲೆ ಅಕ್ಷರ ಕೆತ್ತಿಸೋಕೆ ಖರ್ಚಾಗುತ್ತೆ ಅನ್ನೋದೂ ಸುಳ್ಳಲ್ಲ.

ನಾನು ಒಂದು ಲೆಕ್ಕ ಹಾಕಿ ಇಟ್ಕೊಂಡಿದೀನಿ. ಕಲ್ಲು ಬೇಡ. ಎ4 ಹಾಳೆಯಲ್ಲಿ ಎರಡೂ ಕಡೆ ಪ್ರಿಂಟ್ ತೆಗೆಸಿದ್ರೆ ಎಲ್ಲರ ಹೆಸರೂ ಹಿಡಿಸುತ್ತೆ. ಒಂದು ಕಾಪಿ ಸಮುದಾಯ ಭವನದ ಬಾಗಿಲಿಗೆ, ಒಂದು ಹಾಲಿನ ಡೈರಿಗೆ, ಒಂದು ಬಸ್‌ಸ್ಟ್ಯಾಂಡಿಗೆ. ಬಂದದ್ದು ಎಡಕ್ಕೆ, ಖರ್ಚಾದದ್ದು ಬಲಕ್ಕೆ. ಝೆರಾಕ್ಸ್ ದುಡ್ಡು ನಾನೇ ಕೊಡ್ತೀನಿ.

ಭಾನುವಾರ ಸಭೆ ಇದೆ. ಹಿರಿಯರ ಮುಂದೆ ಎದ್ದು ನಿಂತು ಮಾತಾಡೋಕೆ ನನಗೆ ಈಗಲೂ ಕೈ ನಡುಗುತ್ತೆ. ಈ ಒಂಬತ್ತು ಭಾಗ ಬರೆದದ್ದು ಅರ್ಧ ನಿಮಗೋಸ್ಕರ, ಅರ್ಧ ಆ ಭಾನುವಾರಕ್ಕೋಸ್ಕರ.

ಅಜ್ಜಿಗೆ ಹೇಳಿದೆ, "ಈ ಸಲ ನಿನ್ನ ಹೆಸರು ಲಿಸ್ಟಲ್ಲಿ ಬರುತ್ತೆ ಅಜ್ಜಿ" ಅಂತ. ಅಜ್ಜಿ ಹೂ ಕಟ್ಟೋದು ನಿಲ್ಲಿಸದೆ ಕೇಳಿದಳು, "ಹೋದ ಸಲದ ನೂರು ಸೇರಿಸಿಯೋ, ಬಿಟ್ಟೋ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಪುಸ್ತಕದ ಮೊದಲನೇ ಪುಟಕ್ಕೆ ವಾಪಸ್ ಹೋಗಿ, "ಹಿಂದಿನ ಸಮಿತಿಯಿಂದ ಬರಬೇಕಾದದ್ದು" ಅಂತ ಒಂದು ಸಾಲು ಬರೆದು, ಮೊತ್ತದ ಜಾಗ ಖಾಲಿ ಬಿಟ್ಟಿದೀನಿ. ಭಾನುವಾರ ಮೊದಲು ಕೇಳೋದು ಅದನ್ನೇ.

ನಿಮ್ಮೂರಲ್ಲೂ ಟಾರ್ಪಾಲಿನ ಕೆಳಗೆ ಪ್ರತಿಮೆ ಮಲಗಿದೆಯಾ? ಊರಿನ ಹೆಸರು ಬೇಡ. ಪೀಠದ ಲೆಕ್ಕ ಯಾರಾದ್ರೂ ಗೋಡೆಗೆ ಹಾಕಿದ್ರಾ, ಅದಷ್ಟು ಹೇಳಿ.

#ಇತಿಹಾಸ #ಕನ್ನಡದಲ್ಲಿಇತಿಹಾಸ #ಪ್ರತಿಮೆಗಳಕಥೆ #ಲೆಕ್ಕಪುಸ್ತಕ